ಹೆನ್ರಿ ಮೊಲೈಸನ್ ಅವರಿಗೆ ಬಹಿರಂಗ ಪತ್ರ



ನೀವು ತೀರಿಕೊಂಡು ಎಷ್ಟೋ ವರ್ಷಗಳಾದವು. 2008ರ ಡಿಸೆಂಬರ್ 2ರಂದು, ಅಮೆರಿಕದ ಕನೆಕ್ಟಿಕಟ್‌ನಲ್ಲಿ, ವಿಂಡ್ಸರ್ ಲಾಕ್ಸ್ ಎಂಬ ಊರಿನ ಆರೈಕೆ ಕೇಂದ್ರದಲ್ಲಿ, 82ನೇ ವಯಸ್ಸಿನಲ್ಲಿ ನೀವು ಹೋದಿರಿ. ಬದುಕಿದ್ದಾಗ ಈ ಕಾಗದ ಕೈಗೆ ಬಂದಿದ್ದರೆ ಪೂರ್ತಿ ಓದಿ, ಮಡಿಸಿ ಪಕ್ಕಕ್ಕಿಡುತ್ತಿದ್ದಿರಿ. ಅರ್ಧ ಗಂಟೆ ಬಿಟ್ಟು ಮತ್ತೆ ಕಣ್ಣಿಗೆ ಬಿದ್ದರೆ ಹೊಸ ಕಾಗದವೆಂದು ಮೊದಲಿನಿಂದ ಓದುತ್ತಿದ್ದಿರಿ. ಒಂದೇ ಮ್ಯಾಗಜೀನನ್ನು ನೀವು ಹಾಗೆ ಮತ್ತೆ ಮತ್ತೆ ಓದುತ್ತಿದ್ದಿರೆಂದು ನಿಮ್ಮ ಕುರಿತ ಮೊದಲ ವರದಿಯಲ್ಲೇ ಇದೆ. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ಇದರಲ್ಲಿರುವ ಮಾತು ನಿಮಗೆಷ್ಟೋ ಅಷ್ಟೇ ನಮ್ಮವರಿಗೂ ಸಲ್ಲಬೇಕು.

ನಾನು ಕರ್ನಾಟಕದ ಒಂದು ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು. ನೆನಪಿನ ಅಧ್ಯಾಯ ಬಂದಾಗಲೆಲ್ಲ ಬೋರ್ಡಿನ ಮೇಲೆ ಎರಡಕ್ಷರ ಬರೆದು ಪಾಠ ಶುರುಮಾಡುತ್ತೇನೆ: ಎಚ್.ಎಂ. ಆ ಅಕ್ಷರಗಳ ಹಿಂದೆ ಒಂದು ಪೂರ್ತಿ ಹೆಸರಿದೆ, ಟೈಪ್‌ರೈಟರ್ ಕಾರ್ಖಾನೆಯಲ್ಲಿ ದುಡಿದ, ಪದಬಂಧ ಬಿಡಿಸುವುದೆಂದರೆ ಪ್ರಾಣ ಬಿಡುತ್ತಿದ್ದ ಒಬ್ಬ ಮನುಷ್ಯನಿದ್ದಾನೆ ಎಂದು ಜಗತ್ತಿಗೆ ತಿಳಿದದ್ದು ನೀವು ಹೋದ ಮೇಲೆ.

ಈ ಕಾಗದ ಬರೆಯಲು ಬಡ್ತಿಯ ಒಂದು ಫಾರಂ ಕಾರಣ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2010ರಲ್ಲಿ ಅಧ್ಯಾಪಕರ ಬಡ್ತಿಗೆ ಎಪಿಐ ಎಂಬ ಅಂಕಪದ್ಧತಿ ತಂದ ಮೇಲೆ ನಮ್ಮ ಸ್ಟಾಫ್ ರೂಮುಗಳ ಮಾತೇ ಬದಲಾಯಿತು. 'ಊಟ ಆಯ್ತಾ' ಎಂದು ಕೇಳುವ ಹಾಗೆ 'ಎಷ್ಟು ಪೇಪರ್ ಆಯ್ತು' ಎಂದು ಕೇಳಲು ಕಲಿತೆವು. ನಿಯಮಗಳು ಆಮೇಲೆ ಬದಲಾದವು, ಎಣಿಕೆಯ ಚಾಳಿ ಹೋಗಲಿಲ್ಲ. ಈಗ ಅದರ ಜೊತೆಗೆ ಸೈಟೇಶನ್ ಎಷ್ಟು, ಎಚ್-ಇಂಡೆಕ್ಸ್ ಎಷ್ಟು ಎಂಬ ಕಾಲಂಗಳೂ ಬಂದಿವೆ. ಒಬ್ಬರ ಪ್ರಬಂಧವನ್ನು ಬೇರೆಯವರು ತಮ್ಮ ಪ್ರಬಂಧದಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದೇ ಸೈಟೇಶನ್.

ನನಗೆ ಚೆನ್ನಾಗಿ ಗೊತ್ತಿರುವ ಒಬ್ಬ ಮೇಡಂ ಎಂಟು ವರ್ಷ ಒಂದು ಕೆಲಸದ ಬೆನ್ನು ಹತ್ತಿದ್ದರು. ಮರೆವಿನ ಕಾಯಿಲೆ ಇದೆಯೇ ಎಂದು ನೋಡಲು ಹದಿನೈದು ಪದಗಳ ಒಂದು ಪಟ್ಟಿಯನ್ನು ಓದಿ ಹೇಳಿ, ಎಷ್ಟು ನೆನಪಿದೆ ಎಂದು ಕೇಳುವ ಪರೀಕ್ಷೆಯಿದೆ. ಅದರ ಇಂಗ್ಲಿಷ್ ಪಟ್ಟಿಯಲ್ಲಿ ಟರ್ಕಿ ಕೋಳಿ ಬರುತ್ತದೆ. ಟರ್ಕಿ ಕೋಳಿಯನ್ನು ಕಣ್ಣಲ್ಲೂ ಕಾಣದ ನಮ್ಮ ಹಳ್ಳಿಯ ಅಜ್ಜಿ ಅದನ್ನು ಮರೆತರೆ ಅದು ರೋಗವೇ, ಪಟ್ಟಿಯ ತಪ್ಪೇ? ಮೇಡಂ ಊರೂರು ತಿರುಗಿ, ಜಗಲಿಗಳ ಮೇಲೆ ಕೂತು, ಅಕ್ಷರ ಬಾರದ ಹಿರಿಯರಿಗೂ ಹೊಂದುವಂಥ ಕನ್ನಡ ಪದಗಳನ್ನು ಆರಿಸಿ, ಪರೀಕ್ಷಿಸಿ, ತಿದ್ದಿ ಒಂದು ಪಟ್ಟಿ ಮಾಡಿದರು. ಒಂದೆರಡು ಆಸ್ಪತ್ರೆಗಳ ವೈದ್ಯರು ಅದನ್ನು ಬಳಸಿಕೊಂಡರು. ಬಡ್ತಿಯ ಸಂದರ್ಶನದಲ್ಲಿ ಅದಕ್ಕೆ ಸಿಕ್ಕ ಅಂಕ ಸೊನ್ನೆ. ಕನ್ನಡದಲ್ಲಿ ಅಚ್ಚಾದ ಪುಸ್ತಿಕೆ ಯಾವ ಸೂಚಿಯಲ್ಲೂ ಇರಲಿಲ್ಲ. ಅವರ ಎದುರು ಕೂತಿದ್ದ ಸಮಿತಿಯಲ್ಲಿ ಯಾರೂ ಪುಸ್ತಿಕೆಯ ಪುಟ ತಿರುಗಿಸಲಿಲ್ಲ. ನಾನು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆ. ಮೇಡಂ ಹೊರಬಂದು ಕಣ್ಣೊರೆಸಿಕೊಂಡಾಗ ನನಗೆ ನೆನಪಾದದ್ದು ನೀವು, ಮತ್ತು 584 ಎಂಬ ಸಂಖ್ಯೆ.

ಅದು ನಿಮಗೆ ನೆನಪಿರಲು ಸಾಧ್ಯವಿಲ್ಲ, ಹೇಳುತ್ತೇನೆ. ಒಂದು ದಿನ ನಿಮ್ಮನ್ನು ಪರೀಕ್ಷಿಸುತ್ತಿದ್ದವರು 584 ಎಂಬ ಸಂಖ್ಯೆಯನ್ನು ಕೊಟ್ಟು ನೆನಪಿಟ್ಟುಕೊಳ್ಳಿ ಎಂದರು. ಕನಿಷ್ಠ ಕಾಲು ಗಂಟೆ ನೀವು ಅದನ್ನು ಬಿಟ್ಟುಕೊಡಲಿಲ್ಲ. ಐದು, ಎಂಟು, ನಾಲ್ಕು ಕೂಡಿದರೆ ಹದಿನೇಳು. ಎಂಟನ್ನು ನೆನಪಿಟ್ಟುಕೊಂಡು ಹದಿನೇಳರಿಂದ ಕಳೆದರೆ ಒಂಬತ್ತು. ಒಂಬತ್ತನ್ನು ಒಡೆದರೆ ಐದು ಮತ್ತು ನಾಲ್ಕು. ಹೀಗೆ ಮನಸ್ಸಿನಲ್ಲೇ ಲೆಕ್ಕದ ಏಣಿ ಕಟ್ಟಿಕೊಂಡು ಅದನ್ನೇ ಹಿಡಿದು ನಿಂತಿರಿ. ಮಾತು ಬೇರೆಡೆ ಹೊರಳಿ ಒಂದು ನಿಮಿಷ ಕಳೆಯುವಷ್ಟರಲ್ಲಿ ಸಂಖ್ಯೆಯೂ ಹೋಯಿತು, ಸಂಖ್ಯೆಯೊಂದನ್ನು ಕೊಟ್ಟಿದ್ದರು ಎಂಬುದೂ ಹೋಯಿತು. ನಿಮ್ಮ ಮೆದುಳಿನಲ್ಲಿ ಅದನ್ನು ಇಳಿಸಿಡುವ ಜಾಗವನ್ನು ವೈದ್ಯರು ತೆಗೆದುಹಾಕಿದ್ದರು. ನಮ್ಮ ಮೆದುಳು ಇಡಿಯಾಗಿಯೇ ಇದೆ. ಆದರೂ ಸಂಖ್ಯೆಯನ್ನು ಗಟ್ಟಿ ಹಿಡಿದುಕೊಂಡು, ಅದು ಯಾವುದರ ಸಂಖ್ಯೆ ಎಂಬುದನ್ನು ಕೈಬಿಡುವುದು ನಮಗೆ ಅಭ್ಯಾಸವಾಗಿದೆ.

ಬ್ರೆಂಡಾ ಮಿಲ್ನರ್ ಅವರ ಬಗ್ಗೆ ಹೇಳಬೇಕು. ಅವರನ್ನು ಎಷ್ಟೋ ಸಲ ಕಂಡರೂ ಪ್ರತಿ ಸಲವೂ ಹೊಸಬರೆಂಬಂತೆ ಮಾತಾಡಿಸುತ್ತಿದ್ದಿರಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1918ರ ಜುಲೈ 15ರಂದು ಹುಟ್ಟಿದವರು, ಎರಡನೇ ಮಹಾಯುದ್ಧದ ಹೊತ್ತಿಗೆ ಕೆನಡಾಕ್ಕೆ ಬಂದು ಮಾಂಟ್ರಿಯಲ್‌ನಲ್ಲಿ ನೆಲೆಸಿದವರು. ಅಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು ಮೂರ್ಛೆ ರೋಗಿಗಳ ಮೆದುಳಿನ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು, ಆ ರೋಗಿಗಳ ಬುದ್ಧಿಶಕ್ತಿ, ನೆನಪು ಪರೀಕ್ಷಿಸುವುದು ಮಿಲ್ನರ್ ಅವರ ಕೆಲಸ. ಸಾಮಾನ್ಯವಾಗಿ ರೋಗಿಗಳು ಚೇತರಿಸಿಕೊಂಡು ಹೋಗುತ್ತಿದ್ದರು. ಇಬ್ಬರ ವಿಷಯದಲ್ಲಿ ಮಾತ್ರ ಎಡವಟ್ಟಾಯಿತು. ಒಬ್ಬರು ಇಂಜಿನಿಯರ್, ಇನ್ನೊಬ್ಬರು ಕೈಗವಸು ಕತ್ತರಿಸುವ ಕೆಲಸಗಾರ. ಹೊಸದೇನನ್ನೂ ನೆನಪಿಟ್ಟುಕೊಳ್ಳುವ ಶಕ್ತಿ ಅವರಿಗೆ ಉಳಿಯಲಿಲ್ಲ. ಪೆನ್‌ಫೀಲ್ಡ್ ಮತ್ತು ಮಿಲ್ನರ್ ಅದನ್ನು ಮುಚ್ಚಿಡಲಿಲ್ಲ. ಷಿಕಾಗೋದ ಒಂದು ಸಮ್ಮೇಳನಕ್ಕೆ ಚಿಕ್ಕ ಟಿಪ್ಪಣಿ ಬರೆದು ಕಳಿಸಿದರು. ಅದು 1955.

ಹೆನ್ರಿಯವರೇ, ಆ ಟಿಪ್ಪಣಿಯನ್ನು ಹಾರ್ಟ್‌ಫರ್ಡ್‌ನಲ್ಲಿ ಕೂತು ಓದಿದವರು ವಿಲಿಯಂ ಸ್ಕೋವಿಲ್, ನಿಮ್ಮ ತಲೆಬುರುಡೆ ತೆರೆದಿದ್ದ ವೈದ್ಯರು. ನಿಮಗೆ ಹತ್ತನೇ ವಯಸ್ಸಿನಿಂದ ಫಿಟ್ಸ್ ಬರುತ್ತಿತ್ತು. ಇಪ್ಪತ್ತೇಳಕ್ಕೆ ಕೆಲಸಕ್ಕೂ ಹೋಗಲಾರದಷ್ಟು ಹೆಚ್ಚಾಯಿತು. ಔಷಧಿಗಳೆಲ್ಲ ಸೋತ ಮೇಲೆ 1953ರಲ್ಲಿ ಸ್ಕೋವಿಲ್ ನಿಮ್ಮ ಮೆದುಳಿನ ಎರಡೂ ಬದಿಯಿಂದ ಹಿಪೊಕ್ಯಾಂಪಸ್ ಎಂಬ ಭಾಗವನ್ನು, ಕಡಲಕುದುರೆಯಂತೆ ಬಾಗಿರುವ ಆ ಜಾಗವನ್ನು, ಸುತ್ತಲಿನ ಅಂಗಾಂಶದ ಸಮೇತ ತೆಗೆದರು. ಫಿಟ್ಸ್ ಕಡಿಮೆಯಾಯಿತು, ನೆನಪು ಹೋಯಿತು. ಟಿಪ್ಪಣಿ ಓದಿದ ಸ್ಕೋವಿಲ್ ಪೆನ್‌ಫೀಲ್ಡ್‌ಗೆ ಫೋನ್ ಮಾಡಿ, ಇಂಥ ಒಬ್ಬ ರೋಗಿ ನನ್ನಲ್ಲೂ ಇದ್ದಾನೆ ಎಂದರು. ಮಿಲ್ನರ್ ಮಾಂಟ್ರಿಯಲ್‌ನಲ್ಲಿ ರಾತ್ರಿ ರೈಲು ಹತ್ತಿದರು.

ಒಂದು ಬರಹದ ಪರಿಣಾಮ ಎಂದರೆ ನನಗೆ ಇದು: ಒಬ್ಬರು ಬರೆದರು, ಇನ್ನೊಬ್ಬರು ಓದಿ ತಮ್ಮ ಕೈಯಿಂದಾದ ತಪ್ಪನ್ನು ಅದರಲ್ಲಿ ಕಂಡುಕೊಂಡು ಫೋನ್ ಎತ್ತಿದರು, ಮೂರನೆಯವರು ರೈಲು ಹತ್ತಿದರು. ಆ ಫೋನ್ ಕರೆ ಯಾವ ಸೈಟೇಶನ್ ಪಟ್ಟಿಯಲ್ಲೂ ಇಲ್ಲ.

1955ರ ಏಪ್ರಿಲ್‌ನಲ್ಲಿ ಮಿಲ್ನರ್ ನಿಮ್ಮನ್ನು ಪರೀಕ್ಷಿಸಿದಾಗ ನೀವು, ಈಗ 1953ರ ಮಾರ್ಚ್, ನನಗೆ 27 ವರ್ಷ ಎಂದಿರಿ. ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ 112 ಬಂತು, ಸಾಮಾನ್ಯರಿಗಿಂತ ಮೇಲೆ. ನೆನಪಿನ ಪರೀಕ್ಷೆಯಲ್ಲಿ 67. ಬುದ್ಧಿ ಬೇರೆ, ನೆನಪು ಬೇರೆ ಎಂಬುದು ಆ ಎರಡು ಅಂಕಿಗಳ ನಡುವಿನ ಕಂದಕದಲ್ಲಿ ಮೊದಲ ಸಲ ಇಷ್ಟು ಸ್ಪಷ್ಟವಾಗಿ ಕಾಣಿಸಿತು. 1957ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ಒಟ್ಟಿಗೆ ಬರೆದ ಹನ್ನೊಂದು ಪುಟಗಳ ಪ್ರಬಂಧ ಅಚ್ಚಾಯಿತು. ನರವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖವಾದ ಬರಹಗಳ ಸಾಲಿನಲ್ಲಿ ಇವತ್ತಿಗೂ ಅದಿದೆ. ಸಾವಿರಾರು ಪ್ರಬಂಧಗಳು ಅದನ್ನು ಹೆಸರಿಸಿವೆ. ಮನಸ್ಸಿನ ಕೆಲಸಗಳನ್ನು ಮೆದುಳಿನಲ್ಲಿ ಹುಡುಕುವ ಈ ಶಾಸ್ತ್ರಕ್ಕೆ ಕಾಗ್ನಿಟಿವ್ ನ್ಯೂರೋಸೈನ್ಸ್ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ.

ಆದರೆ ನಾನು ತರಗತಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಇನ್ನೊಂದು ಬರಹದ ಹತ್ತಿರ. ಮಿಲ್ನರ್ ನಿಮ್ಮ ಮುಂದೆ ಒಂದರೊಳಗೊಂದು ಬರೆದ ಎರಡು ಗೆರೆಗಳ ನಕ್ಷತ್ರ ಇಟ್ಟರು. ಕೈಯನ್ನು ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ನೋಡಿಕೊಂಡೇ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಮೊದಲು ಎಲ್ಲರಂತೆ ನೀವೂ ತಡವರಿಸಿದಿರಿ. ಮೂರು ದಿನ ಮಾಡಿದಿರಿ. ಪ್ರತಿ ದಿನವೂ ಇದನ್ನು ಹಿಂದೆ ಮಾಡಿದ್ದೇ ಇಲ್ಲ ಎಂದಿರಿ, ಕೈ ಮಾತ್ರ ದಿನದಿಂದ ದಿನಕ್ಕೆ ನುರಿಯಿತು. ಕೊನೆಯಲ್ಲಿ, ಕಷ್ಟವೆಂದುಕೊಂಡಿದ್ದೆ, ಸಲೀಸಾಗಿಯೇ ಬಂತಲ್ಲ ಎಂದು ನಿಮಗೇ ಆಶ್ಚರ್ಯವಾಯಿತು. ಕೈಗೆ ಒಂದು ನೆನಪು, ಮನಸ್ಸಿಗೆ ಇನ್ನೊಂದು ನೆನಪು. ನಿಮ್ಮಿಂದ ಕಿತ್ತುಕೊಂಡದ್ದು ಒಂದನ್ನು ಮಾತ್ರ. ಸೈಕಲ್ ಬಿಡುವುದನ್ನು ಮರೆಯದ, ಮಗನ ಹೆಸರನ್ನು ಮರೆತ ಎಷ್ಟೋ ಅಜ್ಜಂದಿರನ್ನು ಈ ಒಂದು ನಕ್ಷತ್ರ ನಮಗೆ ಅರ್ಥಮಾಡಿಸಿತು.

ಇಷ್ಟು ದೊಡ್ಡ ಸಂಗತಿಯನ್ನು ಮಿಲ್ನರ್ ಪ್ರಕಟಿಸಿದ್ದು ಎಲ್ಲಿ? 1962ರಲ್ಲಿ, ಪ್ಯಾರಿಸ್‌ನಿಂದ ಹೊರಬಂದ ಒಂದು ಗೋಷ್ಠಿಯ ಸಂಪುಟದಲ್ಲಿ, ಫ್ರೆಂಚ್ ಭಾಷೆಯ ಒಂದು ಅಧ್ಯಾಯವಾಗಿ. ನಮ್ಮ ಮೇಡಂ ಎದುರು ಕೂತಿದ್ದ ಸಮಿತಿಯ ಮುಂದೆ ಇದನ್ನಿಟ್ಟಿದ್ದರೆ, ಗೋಷ್ಠಿಯ ಸಂಪುಟ, ಇಂಗ್ಲಿಷ್ ಅಲ್ಲ, ಇಂಪ್ಯಾಕ್ಟ್ ಫ್ಯಾಕ್ಟರ್ ಇಲ್ಲ ಎಂದು ಇದೂ ಸೊನ್ನೆಯ ಹತ್ತಿರಕ್ಕೇ ಬರುತ್ತಿತ್ತು. ಮಿಲ್ನರ್‌ಗೂ ಮೇಡಂಗೂ ನಾನು ಹೋಲಿಕೆ ಮಾಡುತ್ತಿಲ್ಲ. ಎರಡು ಬರಹಗಳನ್ನೂ ತೆರೆದು ಓದದ ಹೊರತು ಹೋಲಿಸಲಾಗದು ಎಂಬುದಷ್ಟೇ ನನ್ನ ತಕರಾರು.

ಉಲ್ಲೇಖಗಳ ಸೂಚಿ ಮಾಡಬೇಕೆಂಬ ಆಲೋಚನೆಯನ್ನು ಯೂಜೀನ್ ಗಾರ್‌ಫೀಲ್ಡ್ ಸೈನ್ಸ್ ಪತ್ರಿಕೆಯಲ್ಲಿ ಮುಂದಿಟ್ಟದ್ದು 1955ರ ಜುಲೈ 15ರಂದು. ಅದು ಮಿಲ್ನರ್ ಅವರ 37ನೇ ಹುಟ್ಟುಹಬ್ಬ, ನಿಮ್ಮನ್ನು ಪರೀಕ್ಷಿಸಿದ ಮೂರು ತಿಂಗಳ ಮೇಲೆ. ಗಾರ್‌ಫೀಲ್ಡ್‌ಗೆ ಆ ಯೋಚನೆ ಹೊಳೆದದ್ದು ವಕೀಲರಿಂದ. ಹಳೆಯ ತೀರ್ಪೊಂದನ್ನು ಮುಂದೆ ಯಾವ ಕೋರ್ಟು ಎತ್ತಿಹಿಡಿಯಿತು, ಯಾವುದು ತಳ್ಳಿಹಾಕಿತು ಎಂದು ನೋಡಲು ಅಮೆರಿಕದ ವಕೀಲರ ಬಳಿ ಒಂದು ಸೂಚಿಯಿತ್ತು. ವಿಜ್ಞಾನಕ್ಕೂ ಅಂಥದ್ದು ಬೇಕು, ಆಗ ಒಂದು ಪ್ರಬಂಧವನ್ನು ಯಾರು ಪ್ರಶ್ನಿಸಿದ್ದಾರೆ ಎಂಬುದು ತಿಳಿಯುತ್ತದೆ, ಮೋಸದ ಅಥವಾ ಹಳಸಿದ ಮಾಹಿತಿಯನ್ನು ಕಣ್ಮುಚ್ಚಿ ಉಲ್ಲೇಖಿಸುವುದು ತಪ್ಪುತ್ತದೆ ಎಂಬುದು ಅವರ ಆಸೆ. ಓದುವವನಿಗೆ ದಾರಿ ತೋರುವ ಲಾಂದ್ರವಾಗಿ ಅವರು ಅದನ್ನು ಕಂಡರು. ನಾವು ಅದನ್ನು ತಕ್ಕಡಿ ಮಾಡಿಕೊಂಡೆವು.

ಕಣ್ಮುಚ್ಚಿ ಉಲ್ಲೇಖಿಸಿದರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ತಲೆಯೇ ಸಾಕ್ಷಿ. 1957ರ ಪ್ರಬಂಧದಲ್ಲಿ ಸ್ಕೋವಿಲ್, ಮೆದುಳಿನ ತುದಿಯಿಂದ ಒಳಕ್ಕೆ 8 ಸೆಂಟಿಮೀಟರ್‌ವರೆಗೆ ತೆಗೆದಿದ್ದೇನೆ ಎಂದು ಅಂದಾಜಿನ ಮೇಲೆ ಬರೆದಿದ್ದರು. ನಾಲ್ಕು ದಶಕ ಆ ಎಂಟು ಎಂಬ ಅಂಕಿ ಪ್ರಬಂಧದಿಂದ ಪ್ರಬಂಧಕ್ಕೆ ಸಾಗಿತು. ಮಿಲ್ನರ್ ಅವರ ವಿದ್ಯಾರ್ಥಿನಿಯಾಗಿ 1962ರಲ್ಲಿ ನಿಮ್ಮನ್ನು ಕಂಡು, ಕೊನೆಯವರೆಗೂ ನಿಮ್ಮ ಜೊತೆ ನಿಂತ ಸುಝಾನ್ ಕಾರ್ಕಿನ್ ಮತ್ತವರ ಸಂಗಡಿಗರು ಎಂಆರ್‌ಐ ಮಾಡಿ ಅಳೆದು 1997ರಲ್ಲಿ ಬರೆದರು: ತೆಗೆದದ್ದು ಸುಮಾರು 5 ಸೆಂಟಿಮೀಟರ್, ಹಿಪೊಕ್ಯಾಂಪಸ್‌ನ ಹಿಂಭಾಗ ಸೊರಗಿಹೋಗಿದ್ದರೂ ಸ್ವಲ್ಪ ಉಳಿದಿದೆ. ಅಷ್ಟು ವರ್ಷಗಳ ಉಲ್ಲೇಖಗಳಿಗೆ ಆಗದ ತಿದ್ದುಪಡಿ, ಒಂದು ಸಲ ಮತ್ತೆ ನೋಡಿದ್ದರಿಂದ ಆಯಿತು.

ಇನ್ನೂ ನೋವಿನ ಉದಾಹರಣೆಯಿದೆ. 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಆಲ್‌ಝೈಮರ್ ಕಾಯಿಲೆಯ ಮೇಲೆ ಒಂದು ಪ್ರಬಂಧ ಬಂತು. ಇಲಿಗಳ ನೆನಪು ಹಾಳಾಗಲು ಒಂದು ನಿರ್ದಿಷ್ಟ ಪ್ರೊಟೀನ್ ಗುಂಪು ಕಾರಣ ಎಂಬುದು ಅದರ ವಾದ. ಸುಮಾರು ಎರಡೂವರೆ ಸಾವಿರ ಸಲ ಅದು ಉಲ್ಲೇಖವಾಯಿತು. ಚಿತ್ರಗಳನ್ನು ತಿದ್ದಲಾಗಿದೆ ಎಂಬ ಶಂಕೆ 2022ರಲ್ಲಿ ಬಹಿರಂಗವಾಯಿತು, 2024ರಲ್ಲಿ ಪ್ರಬಂಧವನ್ನೇ ಹಿಂತೆಗೆದರು. ಹದಿನೆಂಟು ವರ್ಷ ಅದರ ಎಣಿಕೆ ಏರುತ್ತಲೇ ಇತ್ತು. ನಂಬಿ ಹೆಸರಿಸಿದ್ದು, ಅನುಮಾನಿಸಿ ಹೆಸರಿಸಿದ್ದು, ಓದದೆ ಹೆಸರಿಸಿದ್ದು, ಎಲ್ಲಕ್ಕೂ ಎಣಿಕೆಯಲ್ಲಿ ಒಂದೇ ಬೆಲೆ. ಮರೆವಿನ ಮದ್ದಿಗಾಗಿ ಕಾಯುತ್ತಿರುವ ಮನೆಗಳನ್ನು ನೆನೆದರೆ ನನಗೆ ಕೋಪಕ್ಕಿಂತ ಹೆಚ್ಚಾಗಿ ಸಂಕಟವಾಗುತ್ತದೆ.

ಎಚ್-ಇಂಡೆಕ್ಸ್ ಎಂಬುದರಲ್ಲಿ ನಿಮ್ಮ ಮೊದಲಕ್ಷರವೇ ಇದೆ, ಆದರೆ ಅದು ಹಿರ್ಷ್ ಎಂಬವರದು. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಇದನ್ನು ಸೂಚಿಸಿದರು. ಕನಿಷ್ಠ ಇಪ್ಪತ್ತು ಸಲ ಉಲ್ಲೇಖವಾದ ಇಪ್ಪತ್ತು ಪ್ರಬಂಧಗಳಿದ್ದರೆ ಎಚ್-ಇಂಡೆಕ್ಸ್ ಇಪ್ಪತ್ತು. ಒಬ್ಬರು ಜೀವಮಾನದಲ್ಲಿ ಒಂದೇ ಪ್ರಬಂಧ ಬರೆದು, ಅದು ಹತ್ತು ಸಾವಿರ ಸಲ ಉಲ್ಲೇಖವಾದರೂ ಅವರ ಎಚ್-ಇಂಡೆಕ್ಸ್ ಒಂದು. ಇದು ಕೆಟ್ಟ ಪರಿಣಾಮಗಳಿಗೂ ದಾರಿಯಾಗಬಲ್ಲದು ಎಂದು 2020ರಲ್ಲಿ ಸ್ವತಃ ಹಿರ್ಷ್ ಬರೆದರು. ಅದೇ ವಿಶ್ವವಿದ್ಯಾಲಯದಲ್ಲಿ, ನೀವು ತೀರಿಕೊಂಡ ಸರಿಯಾಗಿ ಒಂದು ವರ್ಷಕ್ಕೆ, ಹಿಮಗಟ್ಟಿಸಿದ ನಿಮ್ಮ ಮೆದುಳನ್ನು 53 ಗಂಟೆಗಳಲ್ಲಿ 2,401 ತೆಳು ಪದರಗಳಾಗಿ ಕೊಯ್ದರು. ಅಂತರ್ಜಾಲದಲ್ಲಿ ಲಕ್ಷಾಂತರ ಜನ ಅದನ್ನು ನೇರವಾಗಿ ನೋಡಿದರು. ಒಂದೇ ಆವರಣದಲ್ಲಿ ವಿದ್ವಾಂಸನ ಬದುಕನ್ನೆಲ್ಲ ಒಂದು ಅಂಕಿಗೆ ಇಳಿಸುವ ಸೂತ್ರವೂ ಹುಟ್ಟಿತು, ಒಬ್ಬನೇ ಮನುಷ್ಯನನ್ನು ಎರಡು ಸಾವಿರ ಸಲ ನಿಧಾನವಾಗಿ ನೋಡುವ ತಾಳ್ಮೆಯೂ ನಡೆಯಿತು. ನನ್ನ ವಿದ್ಯಾರ್ಥಿಗಳಿಗೆ ಎರಡನ್ನೂ ಹೇಳುತ್ತೇನೆ. ಎರಡನೆಯದನ್ನು ಹೇಳುವಾಗ ನನ್ನ ದನಿ ತಗ್ಗುತ್ತದೆ.

ಎಣಿಕೆಗೆ ಎಂದೂ ಸಿಗದ ಪರಿಣಾಮ ಒಂದಿದೆ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. 1957ರ ಪ್ರಬಂಧ ಒಂದು ಎಚ್ಚರಿಕೆಯೂ ಆಗಿತ್ತು: ಎರಡೂ ಬದಿಯ ಹಿಪೊಕ್ಯಾಂಪಸ್ ತೆಗೆಯಬೇಡಿ. ಶಸ್ತ್ರವೈದ್ಯರು ಕೇಳಿದರು, ನಿಲ್ಲಿಸಿದರು. ಇವತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೂರ್ಛೆ ರೋಗಕ್ಕೆ ಶಸ್ತ್ರಚಿಕಿತ್ಸೆ ಆಗಬೇಕೆಂದರೆ ಮೊದಲು ಮನಶ್ಶಾಸ್ತ್ರಜ್ಞರು ರೋಗಿಯ ನೆನಪನ್ನು, ಮಾತನ್ನು ಗಂಟೆಗಟ್ಟಲೆ ಪರೀಕ್ಷಿಸುತ್ತಾರೆ. ತೆಗೆಯುವ ಬದಿ ಯಾವುದು, ಉಳಿಯುವ ಬದಿ ನೆನಪಿನ ಹೊರೆ ಹೊರಬಲ್ಲದೇ ಎಂದು ನೋಡುತ್ತಾರೆ. ಇಂಥ ಪರೀಕ್ಷೆಗಳಿಗೆ ನಮ್ಮ ಜನರ ಮೇಲೆಯೇ ಅಳೆದು ಸಿದ್ಧಪಡಿಸಿದ ಪರೀಕ್ಷಾಮಾಲೆಯೊಂದನ್ನು ಅವರು 2004ರಲ್ಲಿ ಕೈಪಿಡಿಯಾಗಿ ತಂದರು. ಆಪರೇಷನ್ ಮುಗಿಸಿಕೊಂಡು ಊರಿಗೆ ಹೋಗಿ, ಅಕ್ಕನ ಮಗಳ ಮದುವೆಯ ದಿನಾಂಕ ನೆನಪಿಟ್ಟುಕೊಂಡು ಬಸ್ಸು ಹತ್ತುವವರಿಗೆ ಹೆನ್ರಿ ಯಾರು, ಮಿಲ್ನರ್ ಯಾರು ಎಂದು ತಿಳಿದಿರುವುದಿಲ್ಲ. ಅವರು ಯಾವ ಪ್ರಬಂಧದ ಕೆಳಗೂ ನಿಮ್ಮ ಹೆಸರು ಬರೆಯುವುದಿಲ್ಲ. ಆಗದೇ ಹೋದ ಅನಾಹುತವನ್ನು ಎಣಿಸುವ ಕಾಲಂ ಯಾವ ಫಾರಂನಲ್ಲೂ ಇಲ್ಲ.

ನಿಮಗೆ ನಾವು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ನೂರಕ್ಕೂ ಹೆಚ್ಚು ಸಂಶೋಧಕರು ನಿಮ್ಮನ್ನು ಪರೀಕ್ಷಿಸಿದರು. ಪ್ರಬಂಧಗಳು ಬಂದವು, ಹುದ್ದೆಗಳು ಬಂದವು. ಮಿಲ್ನರ್ ಅವರಿಗೆ 2014ರಲ್ಲಿ ಕಾವ್ಲಿ ಪ್ರಶಸ್ತಿ ಬಂತು, ಅದು ಅವರಿಗೆ ಸಲ್ಲಲೇಬೇಕಿತ್ತು. ನೀವು ಮಾತ್ರ ಇವತ್ತು ಒಪ್ಪಿದ್ದನ್ನು ನಾಳೆ ನೆನಪಿಟ್ಟುಕೊಳ್ಳಲಾರದವರಾಗಿದ್ದಿರಿ. ಅಂಥವರ ಒಪ್ಪಿಗೆ ಎಂದರೇನು ಎಂಬ ಪ್ರಶ್ನೆಯನ್ನು ನಿಮ್ಮ ವೈದ್ಯರ ಮೊಮ್ಮಗ ಲ್ಯೂಕ್ ಡಿಟ್ರಿಚ್ 2016ರಲ್ಲಿ ಒಂದು ಪುಸ್ತಕವನ್ನೇ ಬರೆದು ಕೇಳಿದರು, ಅದರ ಮೇಲೆ ದೊಡ್ಡ ಜಗಳವೂ ಆಯಿತು. ನನ್ನಿಂದ ಬೇರೆಯವರಿಗೆ ಉಪಯೋಗವಾದರೆ ಸಾಕು ಎಂದು ನೀವು ಮತ್ತೆ ಮತ್ತೆ ಹೇಳುತ್ತಿದ್ದುದನ್ನು ಬಲ್ಲವರು ದಾಖಲಿಸಿದ್ದಾರೆ. ನಾನು ಆ ಮಾತನ್ನು ನಂಬುತ್ತೇನೆ. ಆದರೆ ಸಾವಿರಾರು ಸಲ ನಿಮ್ಮನ್ನು ಹೆಸರಿಸಿದ ನಾವು ನೀವು ಬದುಕಿರುವವರೆಗೂ ಕರೆದದ್ದು ಎರಡಕ್ಷರದಿಂದ ಎಂಬುದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ನಿಮ್ಮ ಗುಟ್ಟು ಕಾಯಲೆಂದೇ ಹಾಗೆ ಮಾಡಿದರು, ಗೊತ್ತು. ಮುಳ್ಳು ಮುಳ್ಳೇ.

ನಿಮ್ಹಾನ್ಸ್‌ನಲ್ಲಿ ಮೆದುಳುಗಳ ಒಂದು ಸಂಗ್ರಹಾಲಯವಿದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಕೈಗವಸು ತೊಟ್ಟು ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿಯಬಹುದು. ಯಾವಾಗಲೂ ಗಲಾಟೆ ಮಾಡುವ ಹುಡುಗನೊಬ್ಬ ಹಿಡಿದು ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, 'ಸರ್, ಇವರ ಹೆಸರೇನು?' ಎಂದ. ಅಲ್ಲಿ ಹೆಸರು ಹೇಳುವುದಿಲ್ಲ, ಹೇಳಲೂಬಾರದು. ಅವನು ಕೇಳಿದನಲ್ಲ, ನಿಮಗೆ ಅದನ್ನು ತಿಳಿಸಬೇಕೆನಿಸಿತು.

ಮೇಡಂ ಮತ್ತೆ ಅರ್ಜಿ ಹಾಕಿದ್ದಾರೆ. ಈ ಸಲ ಪುಸ್ತಿಕೆಯ ಪ್ರತಿಗಳನ್ನು ಸಮಿತಿಯ ಎಲ್ಲರಿಗೂ ಮುಂಚೆಯೇ ಅಂಚೆಯಲ್ಲಿ ಕಳಿಸಿದ್ದೇವೆ, ಮೇಲೊಂದು ಕಾಗದ ಬರೆದು: ದಯವಿಟ್ಟು ಇದರ ಹನ್ನೆರಡನೇ ಪುಟದ ಪಟ್ಟಿಯನ್ನು ನಿಮ್ಮ ಮನೆಯ ಹಿರಿಯರೊಬ್ಬರಿಗೆ ಓದಿಹೇಳಿ ನೋಡಿ.

ನಾಳೆ ನಮ್ಮ ಎರಡನೇ ವರ್ಷದ ಮಕ್ಕಳಿಗೆ ಪ್ರಾಕ್ಟಿಕಲ್. ಮಿರರ್ ಡ್ರಾಯಿಂಗ್. ಲ್ಯಾಬಿನಲ್ಲಿ ಹಳೆಯದೊಂದು ಉಪಕರಣವಿದೆ, ಕನ್ನಡಿಯ ಅಂಚಿನ ಪಾದರಸ ಕಿತ್ತುಹೋಗಿದೆ. ಬಲಗೈಯಲ್ಲಿ ಕಲಿತದ್ದು ಎಡಗೈಗೆ ಎಷ್ಟು ದಾಟುತ್ತದೆ ಎಂದು ನೋಡುವುದು ಸಿಲೆಬಸ್ಸು. ನಕ್ಷತ್ರದ ಹಾಳೆಗಳನ್ನು ಈಗಷ್ಟೇ ಜೆರಾಕ್ಸ್ ಮಾಡಿಸಿಕೊಂಡು ಬಂದೆ. ನಾಳೆ ಹಾಳೆ ಹಂಚುವ ಮೊದಲು ಬೋರ್ಡಿನ ಮೇಲೆ ಎರಡಕ್ಷರದ ಬದಲು ನಿಮ್ಮ ಪೂರ್ತಿ ಹೆಸರು ಬರೆಯುತ್ತೇನೆ: ಹೆನ್ರಿ ಗುಸ್ತಾವ್ ಮೊಲೈಸನ್.

ಇತಿ ನಿಮ್ಮ,
ಒಬ್ಬ ಮನಶ್ಶಾಸ್ತ್ರದ ಮೇಷ್ಟ್ರು